ತೂಕದ ಹೊದಿಕೆ: ಯಾರಿಗೆ ನೆಮ್ಮದಿ, ಯಾರಿಗೆ ಅಪಾಯ?

ಹಳೆಯ ಸೀರೆ, ಧೋತರಗಳನ್ನು ಪದರ ಪದರವಾಗಿ ಜೋಡಿಸಿ ಹೊಲಿದ ಉತ್ತರ ಕರ್ನಾಟಕದ ಕೌದಿಯನ್ನು ಹೊದ್ದು ಮಲಗಿದವರಿಗೆ ಅದರ ಭಾರದ ಸುಖ ಗೊತ್ತಿರುತ್ತದೆ. ಕುರಿಯ ಉಣ್ಣೆಯ ಕರಿ ಕಂಬಳಿಯ ಅನುಭವವೂ ಅಂಥದೇ. ಚಳಿ ಕಳೆದ ಮೇಲೂ ಅದನ್ನು ಸರಿಸಲು ಮನಸ್ಸಾಗದು. ಮೈಮೇಲೆ ಸಮನಾಗಿ ಹರಡಿಕೊಂಡ ತೂಕದಲ್ಲಿ ಏನೋ ಒಂದು ನಿಶ್ಚಿಂತೆ ಇರುತ್ತದೆ. ಕೌದಿಯನ್ನಾಗಲಿ ಕಂಬಳಿಯನ್ನಾಗಲಿ ನಮ್ಮ ಹಿರಿಯರು ಔಷಧವೆಂದು ಬಳಸಿದವರಲ್ಲ. ಆದರೆ ಅದೇ ಅನುಭವವನ್ನು ಅಳೆದು ತೂಗಿ ರೂಪಿಸಿದ ಸಾಧನಗಳು ಕಳೆದ ಕೆಲವು ದಶಕಗಳಲ್ಲಿ ಚಿಕಿತ್ಸಾ ಕೊಠಡಿಗಳಿಗೆ ಬಂದು, ಅಲ್ಲಿಂದ ಅಂಗಡಿಗಳಿಗೂ ಮನೆಗಳಿಗೂ ತಲುಪಿವೆ.

ರಾತ್ರಿ ನಿದ್ರೆ ಬಾರದ ಉದ್ಯೋಗಿ, ತರಗತಿಯಲ್ಲಿ ಒಂದೆಡೆ ಕೂರಲಾಗದ ಬಾಲಕ, ಸದ್ದಿಗೂ ಜನಜಂಗುಳಿಗೂ ಬೆದರುವ ಆಟಿಸಂ ಮಗು, ಪರೀಕ್ಷೆಯ ದಿನಗಳಲ್ಲಿ ಎದೆ ಢವಗುಟ್ಟುವ ವಿದ್ಯಾರ್ಥಿ - ಇವರೆಲ್ಲರಿಗೂ ಒಂದೇ ಪರಿಹಾರವೆಂಬಂತೆ ತೂಕದ ಹೊದಿಕೆಯನ್ನು ಇಂದು ಮಾರಲಾಗುತ್ತಿದೆ. ಇದರಲ್ಲಿ ಎಷ್ಟು ಸತ್ಯ? ಯಾರಿಗೆ ಉಪಯೋಗ? ಯಾರು ದೂರವಿರಬೇಕು? ಕೊಳ್ಳುವ ಮುನ್ನ ತಿಳಿದಿರಬೇಕಾದ ಸಂಗತಿಗಳನ್ನು ಇಲ್ಲಿ ಸಂಗ್ರಹಿಸಿ ಕೊಡಲಾಗಿದೆ.

ಏನಿವು ಸಾಧನಗಳು?

ಮೈಯ ಯಾವುದಾದರೂ ಭಾಗದ ಮೇಲೆ ಸಮನಾದ, ನಿಧಾನವಾದ ಭಾರವನ್ನು ಇರಿಸುವುದು ಈ ಎಲ್ಲ ಸಾಧನಗಳ ಸಮಾನ ಗುಣ. ಮುಖ್ಯವಾಗಿ ಬಳಕೆಯಲ್ಲಿರುವವು ಮೂರು.

ಮೊದಲನೆಯದು ತೂಕದ ಹೊದಿಕೆ. ದುಪ್ಪಟಿಯನ್ನು ಸಣ್ಣ ಸಣ್ಣ ಚೌಕಗಳಾಗಿ ಹೊಲಿದು, ಪ್ರತಿ ಚೌಕದಲ್ಲೂ ಗಾಜಿನ ಕಿರುಮಣಿಗಳನ್ನೋ ಪ್ಲಾಸ್ಟಿಕ್ ಕಾಳುಗಳನ್ನೋ ತುಂಬಿರುತ್ತಾರೆ. ಸ್ವೀಡನ್ನಿನಲ್ಲಿ ಮಣಿಗಳ ಬದಲು ಲೋಹದ ಸರಪಳಿಗಳನ್ನು ಒಳಗಿಟ್ಟು ಹೊಲಿದ ಹೊದಿಕೆಗಳೂ ಬಳಕೆಯಲ್ಲಿವೆ. ವಯಸ್ಕರ ಹೊದಿಕೆಗಳು ಸಾಮಾನ್ಯವಾಗಿ 5ರಿಂದ 10 ಕೆ.ಜಿ. ತೂಗುತ್ತವೆ.

ಎರಡನೆಯದು ತೊಡೆಯ ಮೇಲಿಟ್ಟುಕೊಳ್ಳುವ ಚಿಕ್ಕ ಚೀಲ. ಲ್ಯಾಪ್ ಪ್ಯಾಡ್ ಎಂದು ಇದಕ್ಕೆ ಹೆಸರು. ಓದುವಾಗ, ಬರೆಯುವಾಗ, ಪ್ರಯಾಣದಲ್ಲಿ ಕುಳಿತಿರುವಾಗ ಬಳಸುತ್ತಾರೆ. ಕುತ್ತಿಗೆಯ ಸುತ್ತ ಅಥವಾ ಭುಜದ ಮೇಲೆ ಹಾಕಿಕೊಳ್ಳುವ ಪಟ್ಟಿಗಳು, ಹೊಟ್ಟೆಯೊಳಗೆ ಮಣಿ ತುಂಬಿದ ಆಟಿಕೆ ಪ್ರಾಣಿಗಳು ಇದೇ ಗುಂಪಿಗೆ ಸೇರುತ್ತವೆ.

ಮೂರನೆಯದು ತೂಕದ ಜಾಕೀಟು. ಇದರ ಜೇಬುಗಳಲ್ಲಿ ಸಣ್ಣ ತೂಕಗಳನ್ನು ಇಟ್ಟಿರುತ್ತಾರೆ. ಮುಖ್ಯವಾಗಿ ಮಕ್ಕಳಿಗೆ, ತರಗತಿಯಲ್ಲಿ ಗಮನ ನಿಲ್ಲಲೆಂದು ಇದನ್ನು ತೊಡಿಸುವ ಪದ್ಧತಿ ಹಲವು ದೇಶಗಳ ವಿಶೇಷ ಶಾಲೆಗಳಲ್ಲಿದೆ.

ದನದ ಚೌಕಟ್ಟಿನಿಂದ ಬಂದ ಪಾಠ

ಈ ಸಾಧನಗಳ ಇತಿಹಾಸದಲ್ಲಿ ಇಬ್ಬರು ಅಮೆರಿಕನ್ ಮಹಿಳೆಯರ ಹೆಸರು ಮುಖ್ಯವಾದುದು.

ಮೊದಲನೆಯವರು ಜೀನ್ ಏರ್ಸ್. 1920ರಿಂದ 1988ರವರೆಗೆ ಬದುಕಿದ್ದ ಇವರು ಆಕ್ಯುಪೇಷನಲ್ ಥೆರಪಿಸ್ಟ್. ಕಣ್ಣು ಕಿವಿಗಳಂತೆಯೇ ಚರ್ಮ, ಸ್ನಾಯು, ಕೀಲುಗಳಿಂದಲೂ ಮೆದುಳಿಗೆ ನಿರಂತರ ಸುದ್ದಿ ಹೋಗುತ್ತಿರುತ್ತದೆ. ಈ ಸುದ್ದಿಗಳನ್ನು ಹೊಂದಿಸಿಕೊಳ್ಳುವಲ್ಲಿ ತೊಡಕಾದರೆ ಮಗುವಿನ ಕಲಿಕೆ, ನಡವಳಿಕೆ ಎರಡೂ ಏರುಪೇರಾಗುತ್ತವೆ ಎಂಬುದು ಅವರ ವಾದ. ಇದನ್ನು ಇಂದ್ರಿಯ ಸಮನ್ವಯ ಸಿದ್ಧಾಂತವೆಂದು ಕರೆಯಬಹುದು. 1972ರಲ್ಲಿ ಪ್ರಕಟವಾದ ಅವರ ಗ್ರಂಥ ಈ ಕ್ಷೇತ್ರದ ತಳಹದಿಯಾಯಿತು.

ಎರಡನೆಯವರು ಟೆಂಪಲ್ ಗ್ರಾಂಡಿನ್. 1947ರಲ್ಲಿ ಬಾಸ್ಟನ್ನಿನಲ್ಲಿ ಜನಿಸಿದ ಇವರಿಗೆ ಬಾಲ್ಯದಲ್ಲೇ ಆಟಿಸಂನ ಲಕ್ಷಣಗಳಿದ್ದವು. ಯಾರಾದರೂ ತಬ್ಬಿಕೊಳ್ಳಲಿ ಎಂಬ ಹಂಬಲ ಒಂದೆಡೆ. ತಬ್ಬಿಕೊಂಡರೆ ಅಲೆಯೊಂದು ಅಪ್ಪಳಿಸಿದಂತಾಗಿ ತಪ್ಪಿಸಿಕೊಂಡು ಓಡುವ ಸ್ಥಿತಿ ಇನ್ನೊಂದೆಡೆ. ಹದಿಹರೆಯದಲ್ಲಿ ತೀವ್ರ ಆತಂಕ ಅವರನ್ನು ಕಾಡುತ್ತಿತ್ತು. ಅರಿಜೋನಾದಲ್ಲಿದ್ದ ಚಿಕ್ಕಮ್ಮನ ದನದ ಫಾರಂಗೆ ಹೋದಾಗ ಒಂದು ದೃಶ್ಯ ಅವರ ಗಮನ ಸೆಳೆಯಿತು. ಲಸಿಕೆ ಹಾಕಲು ದನಗಳನ್ನು ಒಂದೊಂದಾಗಿ ಚೌಕಟ್ಟಿನೊಳಗೆ ಬಿಟ್ಟು, ಎರಡೂ ಪಕ್ಕೆಗಳನ್ನು ಹಲಗೆಗಳಿಂದ ಅದುಮಿ ಹಿಡಿಯುತ್ತಿದ್ದರು. ನಮ್ಮ ಪಶು ಆಸ್ಪತ್ರೆಗಳ ಅಂಗಳದಲ್ಲಿ ದನವನ್ನು ನಿಲ್ಲಿಸಿ ಕಟ್ಟುವ ಕಬ್ಬಿಣದ ಚೌಕಟ್ಟನ್ನು ನೋಡಿದವರು ಇದನ್ನು ಊಹಿಸಿಕೊಳ್ಳಬಹುದು. ಬೆದರಿದ್ದ ಕೆಲವು ದನಗಳು ಪಕ್ಕೆಗಳನ್ನು ಅದುಮುತ್ತಿದ್ದಂತೆಯೇ ಶಾಂತವಾಗುತ್ತಿದ್ದವು. ಗ್ರಾಂಡಿನ್ ತಾವೂ ಅದರೊಳಗೆ ನಿಂತು ನೋಡಿದರು. ಆತಂಕ ಇಳಿಯಿತು.

ಶಾಲೆಗೆ ಮರಳಿದ ಮೇಲೆ ಅವರು ತಮಗಾಗಿ ಅಂಥದೇ ಯಂತ್ರವೊಂದನ್ನು ಕಟ್ಟಿಕೊಂಡರು. ಮೆತ್ತೆ ಹಾಕಿದ ಎರಡು ಹಲಗೆಗಳು ಎರಡೂ ಪಕ್ಕಗಳಿಂದ ಮೈಯನ್ನು ಅದುಮುತ್ತಿದ್ದವು. ಎಷ್ಟು ಅದುಮಬೇಕು, ಯಾವಾಗ ಬಿಡಬೇಕು ಎಂಬುದನ್ನು ನಿರ್ಧರಿಸುವ ಸನ್ನೆ ಒಳಗಿದ್ದವರ ಕೈಯಲ್ಲೇ ಇರುತ್ತಿತ್ತು. ಈ ಒಂದು ಅಂಶವನ್ನು ಓದುಗರು ನೆನಪಿನಲ್ಲಿಡಬೇಕು. ಮುಂದೆ ಅಪಾಯದ ಮಾತು ಬಂದಾಗ ಇದೇ ಅಂಶ ನಿರ್ಣಾಯಕವಾಗುತ್ತದೆ.

ಗ್ರಾಂಡಿನ್ ಮುಂದೆ ಪಶು ವಿಜ್ಞಾನದಲ್ಲಿ ಡಾಕ್ಟರೇಟ್ ಪಡೆದು ಕೊಲರಾಡೊ ಸ್ಟೇಟ್ ವಿಶ್ವವಿದ್ಯಾಲಯದಲ್ಲಿ ಪ್ರಾಧ್ಯಾಪಕರಾದರು. 1992ರಲ್ಲಿ ತಮ್ಮ ಯಂತ್ರದ ಅನುಭವವನ್ನು ವೈದ್ಯಕೀಯ ಪತ್ರಿಕೆಯೊಂದರಲ್ಲಿ ಪ್ರಬಂಧವಾಗಿ ಪ್ರಕಟಿಸಿದರು. 1999ರಲ್ಲಿ 12 ಆಟಿಸಂ ಮಕ್ಕಳ ಮೇಲೆ ಅದೇ ಯಂತ್ರವನ್ನು ಪರೀಕ್ಷಿಸಲಾಯಿತು. ಅದುಮುವ ಯಂತ್ರವನ್ನು ಬಳಸಿದ ಮಕ್ಕಳಲ್ಲಿ ಬಿಗಿತ ಸ್ಪಷ್ಟವಾಗಿ ಕಡಿಮೆಯಾಗಿತ್ತು, ಆತಂಕ ತುಸು ತಗ್ಗಿತ್ತು. ಮಕ್ಕಳ ಸಂಖ್ಯೆ ಅತಿ ಕಡಿಮೆ ಎಂಬುದನ್ನೂ ಇಲ್ಲಿ ಹೇಳಬೇಕು. ಅವರ ಬದುಕನ್ನು ಕುರಿತ ಚಲನಚಿತ್ರ 2010ರಲ್ಲಿ ತೆರೆಕಂಡಿತು. ಅದೇ ವರ್ಷ ನೀಡಿದ ಸಂದರ್ಶನವೊಂದರಲ್ಲಿ ಅವರು, ಯಂತ್ರ ಕೆಟ್ಟು ಎರಡು ವರ್ಷವಾಯಿತು, ರಿಪೇರಿ ಮಾಡಿಸಿಲ್ಲ, ಈಗ ಮನುಷ್ಯರನ್ನೇ ತಬ್ಬಿಕೊಳ್ಳುತ್ತೇನೆ ಎಂಬ ಅರ್ಥದ ಮಾತು ಹೇಳಿದ್ದರು.

ತೂಕದ ಹೊದಿಕೆ ಚಿಕಿತ್ಸಾ ಕೊಠಡಿಯಿಂದ ಹೊರಬಂದು ಸಾಮಾನ್ಯ ಗ್ರಾಹಕರನ್ನು ದೊಡ್ಡ ಪ್ರಮಾಣದಲ್ಲಿ ತಲುಪಿದ್ದು 2017ರ ನಂತರ. ಆ ವರ್ಷ ಗ್ರಾವಿಟಿ ಎಂಬ ಹೆಸರಿನ ಹೊದಿಕೆಯೊಂದು ಅಮೆರಿಕದಲ್ಲಿ ಸಾರ್ವಜನಿಕರಿಂದ ಮುಂಗಡವಾಗಿಯೇ ಸುಮಾರು 47 ಲಕ್ಷ ಡಾಲರ್ ಸಂಗ್ರಹಿಸಿತು. ಮಾರಾಟ ಬೆಳೆದ ವೇಗದಲ್ಲಿ ಸಂಶೋಧನೆ ಬೆಳೆಯಲಿಲ್ಲ.

ಶರೀರದೊಳಗೆ ನಡೆಯುವುದೇನು?

ಸ್ಪರ್ಶದಲ್ಲಿ ಎರಡು ಬಗೆಯನ್ನು ನಾವು ದಿನನಿತ್ಯ ಅನುಭವಿಸುತ್ತೇವೆ. ನೊಣ ಕೂತಂತೆ ಹಗುರವಾದ ಸ್ಪರ್ಶ ನಮ್ಮನ್ನು ಎಚ್ಚರಿಸುತ್ತದೆ. ಅಂಗೈಯನ್ನು ಬೆನ್ನ ಮೇಲೆ ಗಟ್ಟಿಯಾಗಿ ಊರಿದರೆ, ಕಾಲು ಒತ್ತಿದರೆ ಮೈ ಸಡಿಲಗೊಳ್ಳುತ್ತದೆ. ಈ ಎರಡನೆಯ ಬಗೆಯೇ ಅದುಮು ಸ್ಪರ್ಶ. ಚರ್ಮದ ಆಳದ ಪದರಗಳಲ್ಲಿ ಒತ್ತಡವನ್ನು ಗ್ರಹಿಸುವ ನರತುದಿಗಳಿವೆ. ಸ್ನಾಯು ಮತ್ತು ಕೀಲುಗಳಲ್ಲಿರುವ ಬೇರೆ ನರತುದಿಗಳು ಕೈಕಾಲುಗಳು ಎಲ್ಲಿವೆ, ಅವುಗಳ ಮೇಲೆ ಎಷ್ಟು ಭಾರವಿದೆ ಎಂಬ ವಾರ್ತೆಯನ್ನು ಮೆದುಳಿಗೆ ಕೊಡುತ್ತವೆ. ಕಣ್ಣು ಮುಚ್ಚಿಕೊಂಡೇ ತುತ್ತನ್ನು ಬಾಯಿಗಿಡಲು ಸಾಧ್ಯವಾಗುವುದು ಈ ದೇಹಪ್ರಜ್ಞೆಯಿಂದ. ಬ್ರಿಟಿಷ್ ಶರೀರವಿಜ್ಞಾನಿ ಚಾರ್ಲ್ಸ್ ಶೆರಿಂಗ್ಟನ್ 1906ರಲ್ಲಿ ಇದಕ್ಕೆ ಪ್ರೊಪ್ರಿಯೊಸೆಪ್ಷನ್ ಎಂಬ ಹೆಸರು ಕೊಟ್ಟರು.

ಸಮನಾದ ಭಾರ ಬಿದ್ದಾಗ ಮೈ ಕದಲುವುದು ಕಡಿಮೆಯಾಗುತ್ತದೆ, ಹಗುರ ಸ್ಪರ್ಶದ ಕಿರಿಕಿರಿ ಮರೆಯಾಗುತ್ತದೆ ಎಂಬುದು ಸರಳ ವಿವರಣೆ. ಅಪಾಯಕ್ಕೆ ಸಜ್ಜುಗೊಳಿಸುವ ನರಮಂಡಲದ ಚಟುವಟಿಕೆ ತಗ್ಗಿ, ವಿಶ್ರಾಂತಿಗೆ ಸಂಬಂಧಿಸಿದ ಭಾಗ ಮೇಲುಗೈ ಪಡೆಯುತ್ತದೆ ಎಂಬುದು ಹೆಚ್ಚಾಗಿ ಕೇಳಿಬರುವ ಇನ್ನೊಂದು ವಿವರಣೆ. ಇದು ಸಾಧ್ಯವಿರುವ ಊಹೆ. ಆದರೆ ಸಂಪೂರ್ಣವಾಗಿ ರುಜುವಾತಾದ ಸಂಗತಿಯಲ್ಲ. 2008ರಲ್ಲಿ ಅಮೆರಿಕದಲ್ಲಿ 32 ವಯಸ್ಕರಿಗೆ ಸುಮಾರು 13.5 ಕೆ.ಜಿ. ತೂಕದ ಹೊದಿಕೆ ಹೊದಿಸಿ ಪರೀಕ್ಷಿಸಿದಾಗ ಶೇ 63ರಷ್ಟು ಜನ ಆತಂಕ ಕಡಿಮೆಯಾಯಿತು ಎಂದರು. ಆದರೆ ಚರ್ಮದ ಬೆವರಿನ ವಿದ್ಯುತ್ ಅಳತೆಯಲ್ಲಿ ಇಳಿಕೆ ಕಂಡದ್ದು ಶೇ 33ರಷ್ಟು ಜನರಲ್ಲಿ ಮಾತ್ರ. ಹೇಳಿಕೆಗೂ ಅಳತೆಗೂ ಇರುವ ಈ ಅಂತರ ಗಮನಾರ್ಹ.

ಸ್ವೀಡನ್ನಿನ ಉಪ್ಸಾಲಾ ವಿಶ್ವವಿದ್ಯಾಲಯದ ಸಂಶೋಧಕರು 2022ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ 26 ಆರೋಗ್ಯವಂತ ಯುವಕ ಯುವತಿಯರು ಭಾಗವಹಿಸಿದ್ದರು. ಒಂದು ರಾತ್ರಿ ದೇಹದ ತೂಕದ ಶೇ 12ರಷ್ಟು ಭಾರದ ಹೊದಿಕೆ, ಇನ್ನೊಂದು ರಾತ್ರಿ ಶೇ 2.4ರಷ್ಟರ ಹಗುರ ಹೊದಿಕೆ. ಭಾರದ ಹೊದಿಕೆಯ ರಾತ್ರಿ, ಮಲಗುವ ಮುನ್ನಿನ ಒಂದು ಗಂಟೆಯಲ್ಲಿ ಜೊಲ್ಲಿನಲ್ಲಿದ್ದ ಮೆಲಟೋನಿನ್ ಏರಿಕೆ ಸುಮಾರು ಶೇ 30ರಷ್ಟು ಹೆಚ್ಚಾಗಿತ್ತು. ಮೆಲಟೋನಿನ್ ಎಂಬುದು ಕತ್ತಲಾದಾಗ ಸ್ರವಿಸುವ, ನಿದ್ರೆಯ ವೇಳೆಯನ್ನು ಸೂಚಿಸುವ ಹಾರ್ಮೋನು. ಆದರೆ ಆತಂಕದೊಂದಿಗೆ ಸಂಬಂಧವಿರುವ ಕಾರ್ಟಿಸೋಲ್, ಆಪ್ತತೆಯೊಂದಿಗೆ ಸಂಬಂಧವಿರುವ ಆಕ್ಸಿಟೋಸಿನ್ ಎರಡರಲ್ಲೂ ಗುರುತರ ವ್ಯತ್ಯಾಸ ಕಾಣಲಿಲ್ಲ. ನಿದ್ರೆಯ ಅವಧಿಯೂ ಹೆಚ್ಚಲಿಲ್ಲ. ಹೊದಿಕೆಯನ್ನು ಹೊದ್ದರೆ ‘ಒತ್ತಡದ ಹಾರ್ಮೋನು ಇಳಿಯುತ್ತದೆ’ ಎಂಬ ಜಾಹೀರಾತನ್ನು ನಂಬುವವರು ಈ ಫಲಿತಾಂಶವನ್ನು ನೆನಪಿಡಬೇಕು.

ನಿದ್ರೆ: ವಯಸ್ಕರಲ್ಲಿ ಒಂದು, ಮಕ್ಕಳಲ್ಲಿ ಇನ್ನೊಂದು

ತೂಕದ ಹೊದಿಕೆಯ ಪರವಾಗಿ ಉಲ್ಲೇಖಗೊಳ್ಳುವ ಪ್ರಮುಖ ಅಧ್ಯಯನ 2020ರಲ್ಲಿ ಸ್ವೀಡನ್ನಿನಿಂದ ಬಂದುದು. ಖಿನ್ನತೆ, ಬೈಪೋಲಾರ್ ಕಾಯಿಲೆ, ಆತಂಕ ರೋಗ ಅಥವಾ ಎಡಿಎಚ್‌ಡಿ ಇದ್ದು, ಜೊತೆಗೆ ನಿದ್ರಾಹೀನತೆಯಿಂದ ಬಳಲುತ್ತಿದ್ದ 120 ಜನರನ್ನು ಎರಡು ಗುಂಪು ಮಾಡಲಾಯಿತು. ಒಂದು ಗುಂಪಿಗೆ 8 ಕೆ.ಜಿ.ಯ ಸರಪಳಿ ಹೊದಿಕೆ. ಅದು ತೀರಾ ಭಾರವೆನಿಸಿದವರಿಗೆ 6 ಕೆ.ಜಿ.ಯದು. ಇನ್ನೊಂದು ಗುಂಪಿಗೆ ನೋಡಲು ಅದರಂತೆಯೇ ಇರುವ 1.5 ಕೆ.ಜಿ.ಯ ಹೊದಿಕೆ. ನಾಲ್ಕು ವಾರಗಳ ನಂತರ ಭಾರದ ಹೊದಿಕೆ ಪಡೆದವರಲ್ಲಿ ಶೇ 60ರ ಸಮೀಪ ಜನರಿಗೆ ನಿದ್ರಾಹೀನತೆಯ ಅಂಕ ಅರ್ಧಕ್ಕೋ ಅದಕ್ಕಿಂತ ಕೆಳಗೋ ಇಳಿದಿತ್ತು. ಹಗುರ ಹೊದಿಕೆಯವರಲ್ಲಿ ಈ ಪ್ರಮಾಣ ಶೇ 5.4 ಮಾತ್ರ.

ಅಂತರ ದೊಡ್ಡದು. ಆದರೂ ಎರಡು ಎಚ್ಚರಿಕೆ ಅಗತ್ಯ. ಮಾತ್ರೆಯ ಪರೀಕ್ಷೆಯಲ್ಲಿ ಯಾರಿಗೆ ನಿಜವಾದ ಔಷಧ, ಯಾರಿಗೆ ಸಕ್ಕರೆ ಗುಳಿಗೆ ಎಂಬುದನ್ನು ಮರೆಮಾಚಬಹುದು. ಹೊದಿಕೆಯ ಭಾರವನ್ನು ಹೊದ್ದವರಿಂದ ಮರೆಮಾಚುವುದು ಹೇಗೆ? ಭಾರದ ಹೊದಿಕೆ ಸಿಕ್ಕವರಿಗೆ ಗುಣವಾಗುವ ನಿರೀಕ್ಷೆ ಸಹಜವಾಗಿಯೇ ಹೆಚ್ಚು. ಎರಡನೆಯದಾಗಿ, ಭಾಗವಹಿಸಿದವರೆಲ್ಲ ಮನೋವೈದ್ಯರ ಬಳಿ ಚಿಕಿತ್ಸೆ ಪಡೆಯುತ್ತಿದ್ದವರು. ಕೆಲಸದ ಒತ್ತಡದಿಂದಲೋ ತಡರಾತ್ರಿಯ ಮೊಬೈಲಿನಿಂದಲೋ ನಿದ್ರೆಗೆಟ್ಟವರಿಗೆ ಇದೇ ಫಲಿತಾಂಶವನ್ನು ಅನ್ವಯಿಸಲಾಗದು.

ಮಕ್ಕಳ ವಿಷಯದಲ್ಲಿ ಚಿತ್ರ ಬೇರೆ. ಬ್ರಿಟನ್ನಿನಲ್ಲಿ ಆಟಿಸಂ ಇರುವ, ನಿದ್ರೆಯ ತೊಂದರೆಯ 5ರಿಂದ 16 ವರ್ಷದ ಮಕ್ಕಳ ಮೇಲೆ ನಡೆದ ಅಧ್ಯಯನ 2014ರಲ್ಲಿ ಪ್ರಕಟವಾಯಿತು. ಪ್ರತಿ ಮಗುವೂ ಸುಮಾರು ಎರಡು ವಾರ ತೂಕದ ಹೊದಿಕೆ, ಎರಡು ವಾರ ಮಾಮೂಲು ತೂಕದ ಹೊದಿಕೆ ಬಳಸಿತು. ಅಧ್ಯಯನವನ್ನು ಪೂರೈಸಿದ 67 ಮಕ್ಕಳ ಕೈಗೆ ಕಟ್ಟಿದ ಉಪಕರಣದ ಅಳತೆಯ ಪ್ರಕಾರ ನಿದ್ರೆಯ ಒಟ್ಟು ಅವಧಿ ಹೆಚ್ಚಲಿಲ್ಲ. ಬೇಗ ನಿದ್ರೆ ಹತ್ತಲೂ ಇಲ್ಲ, ನಡುರಾತ್ರಿ ಏಳುವುದು ತಪ್ಪಲೂ ಇಲ್ಲ. ಹೀಗಿದ್ದೂ ಮಕ್ಕಳೂ ತಂದೆತಾಯಿಯರೂ ತೂಕದ ಹೊದಿಕೆಯನ್ನೇ ಇಷ್ಟಪಟ್ಟರು.

ಈ ಇಷ್ಟವನ್ನು ತಳ್ಳಿಹಾಕಬೇಕಾಗಿಲ್ಲ. ಮಲಗುವ ಹೊತ್ತಿನ ಹಟ, ಅಳು ತುಸು ಕಡಿಮೆಯಾದರೂ ದಣಿದ ಮನೆಗೆ ಅದು ದೊಡ್ಡ ಸಮಾಧಾನ. ಆದರೆ ‘ಮಗುವಿಗೆ ಹಿಡಿಸಿದೆ’ ಎನ್ನುವುದೂ ‘ಮಗುವಿನ ನಿದ್ರೆ ಸುಧಾರಿಸಿದೆ’ ಎನ್ನುವುದೂ ಬೇರೆ ಬೇರೆ ಮಾತುಗಳು. ನಿದ್ರೆಯೇ ಮುಖ್ಯ ಸಮಸ್ಯೆಯಾದಾಗ ಹೊದಿಕೆಯನ್ನು ನಂಬಿ ವೈದ್ಯರ ಭೇಟಿಯನ್ನು ಮುಂದೂಡುವುದು ಸರಿಯಲ್ಲ.

ಏಕಾಗ್ರತೆ: ಜಾಕೀಟಿನ ಕಥೆ

ಗಮನ ನಿಲ್ಲಿಸುವ ವಿಷಯದಲ್ಲಿ ಪುರಾವೆ ಇನ್ನೂ ತೆಳು. 2001ರಲ್ಲಿ ಪ್ರಕಟವಾದ ಅಧ್ಯಯನವೊಂದರಲ್ಲಿ ಗಮನದ ತೊಂದರೆಯಿದ್ದ ನಾಲ್ವರು ಮಕ್ಕಳು ತೂಕದ ಜಾಕೀಟು ತೊಟ್ಟಾಗ ಕೆಲಸದಲ್ಲಿ ಹೆಚ್ಚು ಹೊತ್ತು ತೊಡಗಿದ್ದು ಕಂಡಿತು. ನಾಲ್ವರನ್ನು ನೋಡಿ ಸಾವಿರಾರು ಮಕ್ಕಳ ಬಗ್ಗೆ ತೀರ್ಮಾನಿಸಲಾಗದು. ಲಭ್ಯವಿದ್ದ ಅಧ್ಯಯನಗಳನ್ನೆಲ್ಲ ಒಟ್ಟಾಗಿ ಪರಿಶೀಲಿಸಿದ ಆಸ್ಟ್ರೇಲಿಯಾದ ಸಂಶೋಧಕರು 2009ರಲ್ಲಿ, ಆಟಿಸಂ ಮಕ್ಕಳಿಗೆ ತೂಕದ ಜಾಕೀಟನ್ನು ಶಿಫಾರಸು ಮಾಡಲು ಆಧಾರವಿಲ್ಲವೆಂದರು. 2014ರಲ್ಲಿ ತೈವಾನಿನಲ್ಲಿ ಎಡಿಎಚ್‌ಡಿ ಇರುವ 110 ಮಕ್ಕಳ ಮೇಲೆ ನಡೆದ ಪರೀಕ್ಷೆಯಲ್ಲಿ ಗಮನದಲ್ಲಿ ಕೆಲಮಟ್ಟಿನ ಸುಧಾರಣೆ ಕಂಡರೂ, ದುಡುಕನ್ನು ತಡೆದುಕೊಳ್ಳುವ ಶಕ್ತಿಯಲ್ಲಿ ಆ ಮಟ್ಟದ ಲಾಭ ಕಾಣಲಿಲ್ಲ.

ಇದಕ್ಕೊಂದು ಕಾರಣವನ್ನು ಊಹಿಸುವುದು ಕಷ್ಟವಲ್ಲ. ಬೆಳಿಗ್ಗೆ ತೊಟ್ಟ ಬಳೆಯ, ಕಟ್ಟಿದ ಗಡಿಯಾರದ ಅರಿವು ಸ್ವಲ್ಪ ಹೊತ್ತಿನಲ್ಲೇ ಮಾಯವಾಗುತ್ತದೆ. ಬದಲಾಗದ ಸ್ಪರ್ಶವನ್ನು ನರಗಳು ವರದಿ ಮಾಡುವುದನ್ನು ಕಡಿಮೆ ಮಾಡುತ್ತವೆ. ಜಾಕೀಟನ್ನು ದಿನವಿಡೀ ತೊಡಿಸದೆ, ಸ್ವಲ್ಪ ಹೊತ್ತು ತೊಡಿಸಿ ತೆಗೆಯುವಂತೆ ಥೆರಪಿಸ್ಟ್‌ಗಳು ಹೇಳುವುದು ಇದರಿಂದಲೇ.

ನಮ್ಮ ಶಾಲಾ ಮಕ್ಕಳ ಬೆನ್ನ ಮೇಲಿನ ಭಾರವನ್ನೂ ಇಲ್ಲಿ ಮರೆಯುವಂತಿಲ್ಲ. ಪುಸ್ತಕದ ಚೀಲ ಮಗುವಿನ ತೂಕದ ಶೇ 10ನ್ನು ಮೀರಬಾರದೆಂದು 2020ರ ರಾಷ್ಟ್ರೀಯ ಶಾಲಾ ಚೀಲ ನೀತಿ ಹೇಳುತ್ತದೆ. ಬೆಳೆಯುವ ಬೆನ್ನಿಗೆ ಅದರ ಮೇಲೆ ಇನ್ನೊಂದು ಭಾರವನ್ನು ಹೇರುವ ಮುನ್ನ ತಜ್ಞರನ್ನು ಕೇಳುವುದು ಅವಶ್ಯ.

ಭಾರ ಬಂಧನವಾದಾಗ

2008ರಲ್ಲಿ ಕೆನಡಾದ ಕ್ವಿಬೆಕ್ ಪ್ರಾಂತ್ಯದ ಶಾಲೆಯೊಂದರಲ್ಲಿ ಆಟಿಸಂ ಇದ್ದ 9 ವರ್ಷದ ಬಾಲಕನನ್ನು ಶಾಂತಗೊಳಿಸಲೆಂದು ತೂಕದ ಹೊದಿಕೆಯಲ್ಲಿ ಸುತ್ತಿ ಇರಿಸಲಾಗಿತ್ತು. ಅವನು ಉಸಿರುಗಟ್ಟಿ ಮೃತಪಟ್ಟ. 2022ರ ಏಪ್ರಿಲ್‌ನಲ್ಲಿ ಅಮೆರಿಕದಲ್ಲಿ 4 ಮತ್ತು 6 ವರ್ಷದ ಇಬ್ಬರು ಹೆಣ್ಣುಮಕ್ಕಳು ತೂಕದ ಹೊದಿಕೆಯ ಹೊರಗವಸಿನ ಜಿಪ್ ತೆರೆದು ಒಳಗೆ ಹೊಕ್ಕು, ಹೊರಬರಲಾಗದೆ ಪ್ರಾಣ ಕಳೆದುಕೊಂಡರು. ಆ ವರ್ಷದ ಡಿಸೆಂಬರ್‌ನಲ್ಲಿ ಅಂಥ ಸುಮಾರು 2,04,000 ಹೊದಿಕೆಗಳನ್ನು ಅಲ್ಲಿನ ಮಾರುಕಟ್ಟೆಯಿಂದ ಹಿಂದಕ್ಕೆ ಪಡೆಯಲಾಯಿತು.

ಗ್ರಾಂಡಿನ್ ಅವರ ಯಂತ್ರಕ್ಕೂ ಈ ದುರಂತಗಳಿಗೂ ಇರುವ ವ್ಯತ್ಯಾಸ ಒಂದೇ. ಅಲ್ಲಿ ಸನ್ನೆ ಒಳಗಿದ್ದವರ ಕೈಯಲ್ಲಿತ್ತು. ಇಲ್ಲಿ ಭಾರದಿಂದ ಬಿಡಿಸಿಕೊಳ್ಳುವ ಶಕ್ತಿ ಮಕ್ಕಳಿಗಿರಲಿಲ್ಲ. ತಾನೇ ಸರಿಸಬಲ್ಲ ಭಾರ ಆಸರೆ, ಸರಿಸಲಾಗದ ಭಾರ ಬಂಧನ. ಸಾಧನ ಯಾವುದೇ ಇರಲಿ, ತೂಕ ಎಷ್ಟೇ ಇರಲಿ, ಮೊದಲು ಕೇಳಬೇಕಾದ ಪ್ರಶ್ನೆ: ಇದನ್ನು ಬಳಸುವವರು ಯಾರ ನೆರವೂ ಇಲ್ಲದೆ, ನಿದ್ದೆಗಣ್ಣಿನಲ್ಲೂ, ಇದನ್ನು ತೆಗೆದುಹಾಕಬಲ್ಲರೇ?

ಹಟ ಮಾಡುವ ಮಗುವನ್ನು ಸುಮ್ಮನಿರಿಸಲು ಅಥವಾ ಶಿಕ್ಷೆಯ ರೂಪದಲ್ಲಿ ತೂಕದ ಹೊದಿಕೆಯನ್ನು ಹೊದಿಸುವುದು ಸರ್ವಥಾ ಸಲ್ಲದು. ಮಾತು ಬಾರದ ಮಗುವಾದರೆ ಬೇಡವೆಂಬುದನ್ನು ಕೈಯಿಂದ ತಳ್ಳಿಯೋ ಮುಖ ತಿರುಗಿಸಿಯೋ ಹೇಳುತ್ತದೆ. ಅದನ್ನು ಮಾತಿನಷ್ಟೇ ಗೌರವದಿಂದ ಕಾಣಬೇಕು.

ಯಾರು ಬಳಸಬಾರದು?

ಕೂಸುಗಳಿಗೆ ತೂಕದ ಯಾವ ವಸ್ತುವೂ ಬೇಡ. ಶಿಶುಗಳ ಮೇಲಾಗಲಿ ಪಕ್ಕದಲ್ಲಾಗಲಿ ತೂಕದ ಹೊದಿಕೆ, ತೂಕ ತುಂಬಿದ ಮಲಗುವ ಚೀಲ, ಸುತ್ತುಬಟ್ಟೆಗಳನ್ನು ಇಡಬಾರದೆಂದು ಅಮೆರಿಕದ ಮಕ್ಕಳ ವೈದ್ಯರ ಅಕಾಡೆಮಿ 2022ರಲ್ಲಿ ಸ್ಪಷ್ಟವಾಗಿ ಸೂಚಿಸಿದೆ. ಕೂಸನ್ನು ಬಟ್ಟೆಯಲ್ಲಿ ಸುತ್ತಿ ಮಲಗಿಸುವ ನಮ್ಮ ರೂಢಿಯೊಂದಿಗೆ ಇದನ್ನು ಗೊಂದಲಗೊಳಿಸಿಕೊಳ್ಳಬಾರದು.

ಕೆಳಗಿನವರು ವೈದ್ಯರ ಸಲಹೆಯಿಲ್ಲದೆ ಬಳಸಬಾರದು:

- ಅಸ್ತಮಾ ಅಥವಾ ಉಸಿರಾಟದ ಇತರ ತೊಂದರೆಯುಳ್ಳವರು
- ನಿದ್ರೆಯಲ್ಲಿ ಉಸಿರು ಕಟ್ಟುವ ಸ್ಲೀಪ್ ಅಪ್ನಿಯಾ ಸಮಸ್ಯೆಯುಳ್ಳವರು. ಜೋರಾಗಿ ಗೊರಕೆ ಹೊಡೆಯುವವರು ಮೊದಲು ಪರೀಕ್ಷಿಸಿಕೊಳ್ಳಬೇಕು
- ಹೃದ್ರೋಗ, ರಕ್ತಸಂಚಾರದ ತೊಂದರೆ ಇರುವವರು
- ಮೂರ್ಛೆರೋಗ ಇರುವವರು
- ಸ್ನಾಯುಗಳ ಬಲ ಕುಂದಿದವರು, ಪಾರ್ಶ್ವವಾಯು ಪೀಡಿತರು, ಮರೆವಿನ ಕಾಯಿಲೆಯ ವೃದ್ಧರು
- ಮೂಳೆ ಸವೆತ, ಗಾಯ, ಇತ್ತೀಚಿನ ಶಸ್ತ್ರಚಿಕಿತ್ಸೆ ಇರುವವರು
- ಮಧುಮೇಹದಿಂದ ಕಾಲಿನ ಸ್ಪರ್ಶಜ್ಞಾನ ಕಡಿಮೆಯಾದವರು
- ಗರ್ಭಿಣಿಯರು

ಮುಚ್ಚಿದ ಜಾಗವೆಂದರೆ ಹೆದರುವವರಿಗೆ ತೂಕದ ಹೊದಿಕೆ ನೆಮ್ಮದಿಯ ಬದಲು ಗಾಬರಿಯನ್ನೇ ತರಬಹುದು.

ಎಷ್ಟು ತೂಕ? ಹೇಗೆ ಬಳಕೆ?

ದೇಹದ ತೂಕದ ಶೇ 10ರಷ್ಟು ಎಂಬ ಲೆಕ್ಕ ಎಲ್ಲೆಡೆ ಕೇಳಿಬರುತ್ತದೆ. 60 ಕೆ.ಜಿ. ತೂಗುವವರಿಗೆ 6 ಕೆ.ಜಿ. ಎಂದಂತಾಯಿತು. ಇದು ಥೆರಪಿಸ್ಟ್‌ಗಳ ರೂಢಿಯಿಂದಲೂ ವ್ಯಾಪಾರದಿಂದಲೂ ಬಂದ ಅಂದಾಜೇ ಹೊರತು ವಿಜ್ಞಾನ ಗೊತ್ತುಪಡಿಸಿದ ನಿಯಮವಲ್ಲ. ಕಡಿಮೆ ತೂಕದಿಂದ ಆರಂಭಿಸುವುದೇ ಜಾಣತನ. ಮಗುವಿಗಾದರೆ ತೂಕವನ್ನು ಥೆರಪಿಸ್ಟ್ ನಿರ್ಧರಿಸಲಿ. ದೊಡ್ಡವರ ಹೊದಿಕೆಯನ್ನು ಮಡಚಿ ಮಗುವಿಗೆ ಹೊದಿಸಿದರೆ ಭಾರ ಒಂದೇ ಕಡೆ ಬೀಳುತ್ತದೆ, ಇದು ಅಪಾಯಕರ.

ಹೊದಿಕೆ ಕುತ್ತಿಗೆಯಿಂದ ಮೇಲಕ್ಕೆ ಬರಬಾರದು. ಮೊದಲ ಕೆಲವು ದಿನ ಎಚ್ಚರವಿರುವಾಗಲೇ, ಹತ್ತು ಹದಿನೈದು ನಿಮಿಷ ಬಳಸಿ ನೋಡಬೇಕು. ಮಕ್ಕಳು ಬಳಸುವಾಗ ದೊಡ್ಡವರು ಪಕ್ಕದಲ್ಲೇ ಇರಬೇಕು. ಹೊರಗವಸಿಗೆ ಜಿಪ್ ಇದ್ದರೆ ಮಗು ಅದನ್ನು ತೆರೆಯಲಾಗದಂತೆ ನೋಡಿಕೊಳ್ಳಬೇಕು. ಹೊಲಿಗೆ ಬಿಚ್ಚಿ ಮಣಿಗಳು ಹೊರಬಂದರೆ ಚಿಕ್ಕ ಮಕ್ಕಳು ನುಂಗುವ ಸಂಭವವಿದೆ.

ನಮ್ಮ ಹವೆಯನ್ನೂ ಗಮನಿಸಬೇಕು. ಈ ಹೊದಿಕೆಗಳು ಜನಪ್ರಿಯವಾದದ್ದು ಶೀತದೇಶಗಳಲ್ಲಿ. ರಾಯಚೂರು, ಕಲಬುರಗಿಗಳ ಬೇಸಿಗೆಯಲ್ಲಾಗಲಿ, ಮಂಗಳೂರಿನ ಸೆಕೆಯಲ್ಲಾಗಲಿ ಅರೆಮೈಗೂ ಇದನ್ನು ಹೊದ್ದು ಮಲಗುವುದು ಕಷ್ಟ. ಮೈ ಬಿಸಿಯಾದರೆ ನಿದ್ರೆ ಇನ್ನಷ್ಟು ದೂರ. ಇಂಥ ಕಡೆ ಹತ್ತಿ ಬಟ್ಟೆಯ, ಗಾಜಿನ ಮಣಿಯ ತೆಳುವಾದ ಹೊದಿಕೆ ಅಥವಾ ತೊಡೆಯ ಮೇಲಿನ ಚೀಲವೇ ಲೇಸು.

ಫಲ ಸಿಗುತ್ತಿದೆಯೇ ಎಂದು ಮನೆಯಲ್ಲೇ ಪರೀಕ್ಷಿಸಬಹುದು. ಎರಡು ವಾರ ಹೊದಿಕೆಯೊಂದಿಗೆ, ಎರಡು ವಾರ ಹೊದಿಕೆಯಿಲ್ಲದೆ ಮಲಗಿ, ಮಲಗಿದ ಹೊತ್ತು, ನಿದ್ರೆ ಹತ್ತಿದ ಹೊತ್ತು, ರಾತ್ರಿ ಎಷ್ಟು ಬಾರಿ ಎದ್ದದ್ದು, ಬೆಳಿಗ್ಗೆ ಎದ್ದಾಗಿನ ಹುರುಪು - ಇಷ್ಟನ್ನು ಪುಸ್ತಕದಲ್ಲಿ ಬರೆದಿಟ್ಟರೆ ಸಾಕು. ವ್ಯತ್ಯಾಸ ಕಾಣದಿದ್ದರೆ ಹೊದಿಕೆಯನ್ನು ಮಡಚಿಡಲು ಸಂಕೋಚ ಬೇಡ.

ಹಣವಿಲ್ಲದೆಯೂ ಸಾಧ್ಯ

ಒಳ್ಳೆಯ ಹೊದಿಕೆಗೆ ಕೆಲವು ಸಾವಿರ ರೂಪಾಯಿ ಬೇಕು. ಮೊದಲು ಚಿಕ್ಕದೊಂದನ್ನು ಮಾಡಿ ನೋಡುವವರು ತೊಡೆಯ ಮೇಲಿನ ಚೀಲವನ್ನು ಮನೆಯಲ್ಲೇ ಹೊಲಿಯಬಹುದು. ಹಳೆಯ ಜೀನ್ಸ್ ಬಟ್ಟೆಯನ್ನು ಎರಡು ಪದರ ಮಾಡಿ, 16 ಚೌಕಗಳಾಗಿ ಹೊಲಿದು, ಪ್ರತಿ ಚೌಕಕ್ಕೂ 60 ಗ್ರಾಂ ಒಣ ಅಕ್ಕಿ ತುಂಬಿದರೆ ಒಂದು ಕೆ.ಜಿ.ಗೆ ತುಸು ಕಡಿಮೆ ತೂಕದ ಚೀಲ ಸಿದ್ಧ. ತುಂಬಿದ್ದು ಚೆಲ್ಲದಂತೆ ಪ್ರತಿ ಅಂಚಿಗೂ ಎರಡು ಸಾಲು ಹೊಲಿಗೆ ಇರಲಿ. ಅಕ್ಕಿಗೆ ಹುಳು ಬೀಳುತ್ತದೆ, ನೀರು ತಗುಲಿದರೆ ಮುಗ್ಗುತ್ತದೆ. ಆದ್ದರಿಂದ ಒಗೆಯಲು ಬರುವ ಮೇಲುಚೀಲ ಬೇಕು, ಕೆಲವು ತಿಂಗಳಿಗೊಮ್ಮೆ ಅಕ್ಕಿ ಬದಲಿಸಬೇಕು. ಎಲ್ಲವನ್ನೂ ಬಾಯಿಗಿಡುವ ವಯಸ್ಸಿನ ಮಕ್ಕಳಿಗೆ ಇದು ಬೇಡ. ಮಲಗುವ ಹೊದಿಕೆಯನ್ನು ಮಾತ್ರ ಹೀಗೆ ಅಂದಾಜಿನಲ್ಲಿ ಹೊಲಿಯಬಾರದು.

ಭಾರವನ್ನು ಹೊರಿಸುವ ಬದಲು ಭಾರದ ಕೆಲಸವನ್ನು ಮಾಡಿಸುವುದು ಥೆರಪಿಸ್ಟ್‌ಗಳು ಹೇಳುವ ಇನ್ನೊಂದು ದಾರಿ. ಚಪಾತಿ ಹಿಟ್ಟು ನಾದುವುದು, ಅರ್ಧ ತುಂಬಿದ ಬಿಂದಿಗೆಯನ್ನು ತರುವುದು, ಗಿಡಗಳಿಗೆ ನೀರು ಹೊರುವುದು, ಎರಡೂ ಅಂಗೈಗಳಿಂದ ಗೋಡೆಯನ್ನು ತಳ್ಳುವುದು, ತರಗತಿಯ ಪುಸ್ತಕಗಳನ್ನು ಜೋಡಿಸಿಡುವುದು - ಇವೆಲ್ಲ ಸ್ನಾಯು, ಕೀಲುಗಳ ಅದೇ ದೇಹಪ್ರಜ್ಞೆಗೆ ಕೆಲಸ ಕೊಡುತ್ತವೆ. ಪಾಠಕ್ಕೆ ಕೂರುವ ಮುನ್ನ ಹತ್ತು ನಿಮಿಷ ಇಂಥ ಕೆಲಸ ಮಾಡಿಸಿ ನೋಡುವುದಕ್ಕೆ ಖರ್ಚೂ ಇಲ್ಲ, ಉಸಿರುಗಟ್ಟುವ ಭಯವೂ ಇಲ್ಲ. ತನ್ನನ್ನು ಸುಮ್ಮನಿರಿಸಲಾಗುತ್ತಿದೆ ಎಂದಲ್ಲ, ತನ್ನಿಂದ ಒಂದು ಉಪಯೋಗವಾಯಿತು ಎಂಬ ಭಾವವೂ ಮಗುವಿಗೆ ಬರುತ್ತದೆ.

ಸಲಹೆ ಎಲ್ಲಿ?

ಇಂದ್ರಿಯಗಳ ಅತಿ ಸೂಕ್ಷ್ಮತೆ ಅಥವಾ ಮಂದತೆಯನ್ನು ಆಟಿಸಂನ ಲಕ್ಷಣಗಳಲ್ಲಿ ಒಂದಾಗಿ ಅಮೆರಿಕದ ಮನೋವೈದ್ಯರ ಸಂಘದ 2013ರ ಕೈಪಿಡಿ ಗುರುತಿಸಿದೆ. ಆದರೆ ಅದನ್ನೇ ಪ್ರತ್ಯೇಕ ಕಾಯಿಲೆಯೆಂದು ಅದು ಪರಿಗಣಿಸಿಲ್ಲ. ಅಲ್ಲಿನ ಮಕ್ಕಳ ವೈದ್ಯರ ಅಕಾಡೆಮಿ 2012ರಲ್ಲಿ, ಇಂದ್ರಿಯಾಧಾರಿತ ಚಿಕಿತ್ಸೆಗಳಿಗೆ ಪುರಾವೆ ಸೀಮಿತವೆಂದು ತಂದೆತಾಯಿಗೆ ತಿಳಿಸಬೇಕು, ಸಮಗ್ರ ಚಿಕಿತ್ಸೆಯ ಒಂದು ಅಂಗವಾಗಿ ಮಾತ್ರ ಅವುಗಳನ್ನು ಬಳಸಬಹುದು ಎಂದು ವೈದ್ಯರಿಗೆ ಹೇಳಿತು.

ಭಾರತದಲ್ಲಿ 2016ರ ವಿಕಲಚೇತನರ ಹಕ್ಕುಗಳ ಕಾಯ್ದೆಯ 21 ಬಗೆಯ ವೈಕಲ್ಯಗಳಲ್ಲಿ ಆಟಿಸಂ ಸೇರಿದೆ. ಬೆಂಗಳೂರಿನ ನಿಮ್ಹಾನ್ಸ್, ಮೈಸೂರಿನ ಅಖಿಲ ಭಾರತ ವಾಕ್ ಶ್ರವಣ ಸಂಸ್ಥೆಗಳಲ್ಲಿ ಇಂಥ ಮಕ್ಕಳ ತಪಾಸಣೆಗೆ ಅವಕಾಶವಿದೆ. 2013ರಲ್ಲಿ ಆರಂಭವಾದ ರಾಷ್ಟ್ರೀಯ ಬಾಲ ಸ್ವಾಸ್ಥ್ಯ ಕಾರ್ಯಕ್ರಮದಡಿ, ಬೆಳವಣಿಗೆಯಲ್ಲಿ ಹಿಂದುಳಿದ ಮಕ್ಕಳನ್ನು ಗುರುತಿಸಿ ನೆರವಾಗಲು ಡಿಇಐಸಿ ಎಂಬ ಜಿಲ್ಲಾ ಕೇಂದ್ರಗಳನ್ನು ರೂಪಿಸಲಾಗಿದೆ. ಜಿಲ್ಲಾ ಆಸ್ಪತ್ರೆಯಲ್ಲಿ ವಿಚಾರಿಸಬಹುದು. ಆಕ್ಯುಪೇಷನಲ್ ಥೆರಪಿ ವೃತ್ತಿಯನ್ನು 2021ರ ಕಾಯ್ದೆಯೊಂದು ನಿಯಂತ್ರಣದ ವ್ಯಾಪ್ತಿಗೆ ತಂದಿದೆ. ಖಾಸಗಿ ಕೇಂದ್ರಗಳಿಗೆ ಹೋಗುವವರು ಥೆರಪಿಸ್ಟ್‌ರ ವಿದ್ಯಾರ್ಹತೆಯನ್ನು ಕೇಳಲು ಹಿಂಜರಿಯಬಾರದು. ‘ಎಷ್ಟು ದಿನ ಬಳಸಬೇಕು, ಏನು ಬದಲಾದರೆ ಫಲಿಸಿತೆಂದು ತಿಳಿಯಬೇಕು’ ಎಂಬ ಪ್ರಶ್ನೆಗೆ ಉತ್ತರ ಕೊಡದ ಕೇಂದ್ರವನ್ನು ನೆಚ್ಚಬೇಕಾಗಿಲ್ಲ.

ಒಟ್ಟಿನಲ್ಲಿ, ತೂಕದ ಹೊದಿಕೆ ಮೋಸವೂ ಅಲ್ಲ, ಮದ್ದೂ ಅಲ್ಲ. ನಿದ್ರೆ ಬಾರದ ಕೆಲವು ವಯಸ್ಕರಿಗೆ ಅದರಿಂದ ನೆರವಾಗಿದೆ. ಹಲವು ಮಕ್ಕಳಿಗೆ ಅದು ಹಿಡಿಸಿದೆ. ಏಕಾಗ್ರತೆಯ ವಿಷಯದಲ್ಲಿ ಭರವಸೆ ಕೊಡುವಷ್ಟು ಆಧಾರ ದೊರೆತಿಲ್ಲ. ಕೊಳ್ಳುವವರು ಬೆಲೆ, ತೂಕ, ಬಣ್ಣಗಳನ್ನು ನೋಡುವ ಮೊದಲು ಅದನ್ನು ಹೊದೆಯುವವರ ಕೈಗಳ ಬಲವನ್ನು ನೋಡಲಿ. ಬೇಡವೆನಿಸಿದ ಕ್ಷಣದಲ್ಲಿ ಆ ಕೈಗಳು ಭಾರವನ್ನು ಸರಿಸಬಲ್ಲವಾದರೆ ಮಾತ್ರ ಅದನ್ನು ಮನೆಗೆ ತರಬಹುದು.